ಬೆನ್ನಿಗೊಂದು ಗೋಡೆ

ನಮ್ಮವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತೇವೆ. ಶಿವಪೂಜೆಗೆ ಕುಳಿತವರ ಹಾಗೆ ಕಾಲು ಮಡಿಸಿ ಕೂರಿಸಿ, ಹಣೆಗೂ ತೋಳುಗಳಿಗೂ ವಿಭೂತಿ ಧರಿಸಿ, ಕೊರಳಿಗೆ ಹಾರ ಹಾಕಿ, ನೋಡಬಂದವರೆಲ್ಲ ನೋಡಿ ಕೈಮುಗಿಯುವ ತನಕ ಹಾಗೆಯೇ ಇರಿಸುತ್ತೇವೆ. ಆಮೇಲೆ ಕುಳಿತ ಭಂಗಿಯಲ್ಲಿಯೇ ಸಮಾಧಿಗೆ ಇಳಿಸುತ್ತೇವೆ. ಪ್ರಾಣ ಹೋದ ದೇಹ ತಾನಾಗಿ ಕುಳಿತಿರಲಾರದು. ಅದಕ್ಕೆ ಬೆನ್ನಿಗೊಂದು ಗೋಡೆ ಬೇಕು.

ಸ್ವಂತ ಮನೆಯಿದ್ದವರಿಗೆ ಈ ಗೋಡೆಯ ಯೋಚನೆ ಬಂದಿರಲಾರದು. ನನ್ನ ಮನೆಯಾಕೆಗೆ ಮಾತ್ರ ನಡುವಯಸ್ಸಿನಿಂದ ಕೊನೆಯವರೆಗೂ ಅದೇ ಯೋಚನೆಯಾಗಿತ್ತು. ಸರ್ಕಾರದ ಮನೆಗಾಗಿ ನಾವು ಮೂರು ಊರುಗಳಲ್ಲಿ ಅರ್ಜಿ ಹಾಕಿದೆವು, ಕಚೇರಿಗಳ ಬೆಂಚುಗಳ ಮೇಲೆ ಕಾದೆವು. ಬಾಡಿಗೆ ತಪ್ಪಲಿ, ಸುಖವಾಗಿರೋಣ ಎಂಬ ಆಸೆ ನನಗಿತ್ತು, ಇಲ್ಲವೆನ್ನುವುದಿಲ್ಲ. ಆಕೆಗೆ ಬೇಕಾದದ್ದು ತಾನು ಹೋದ ದಿನ ಯಾರ ಅಪ್ಪಣೆಯನ್ನೂ ಕೇಳದೆ ತನ್ನನ್ನು ಒರಗಿಸಿ ಕೂರಿಸಬಹುದಾದ ಒಂದು ಗೋಡೆ.

ಆಗ ನಾನು ಕುಣಿಗಲ್ಲಿನ ಒಂದು ಸಣ್ಣ ಸಂಸ್ಕೃತ ಪಾಠಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಸಂಬಳ ಅಷ್ಟಕ್ಕಷ್ಟೆ. ಪಿಂಚಣಿಯ ಮಾತಂತೂ ಅಲ್ಲಿ ಇರಲೇ ಇಲ್ಲ. ಮಕ್ಕಳ ಭಾಗ್ಯವನ್ನು ಶಿವನು ನಮಗೆ ಕರುಣಿಸಿರಲಿಲ್ಲ. ಕೆರೆಯ ಕಡೆಗೆ ಹೋಗುವ ಬೀದಿಯಲ್ಲಿ ಒಂದು ಹಂಚಿನ ಮನೆಯನ್ನು ಬಾಡಿಗೆಗೆ ಹಿಡಿದಿದ್ದೆವು. ಮನೆಯೊಡತಿ ಪಕ್ಕದಲ್ಲಿಯೇ ಇದ್ದಳು. ಗಂಡನಿಲ್ಲದವಳು, ಕೊರಳಲ್ಲಿ ಲಿಂಗವಿದ್ದವಳು, ಒಂದು ಹೊತ್ತಿನ ಪೂಜೆಯನ್ನೂ ತಪ್ಪಿಸದವಳು. ಹುತ್ರಿದುರ್ಗದ ಬೆಟ್ಟದ ಬುಡದಲ್ಲಿದ್ದ ನನ್ನ ಅತ್ತೆಯ, ಅಂದರೆ ನನ್ನಾಕೆಯ ತಾಯಿಯ, ಮನೆ ಗೋಡೆ ಕುಸಿದು ಬಿದ್ದ ಮೇಲೆ ಆ ವೃದ್ಧೆಯನ್ನು ನಾವೇ ಕರೆತಂದು ನಮ್ಮ ಜೊತೆಯಲ್ಲಿ ಇರಿಸಿಕೊಂಡಿದ್ದೆವು. ಅತ್ತೆಯ ಉಸಿರು ನಿಧಾನವಾಗುತ್ತ ಬಂದು, ವೈದ್ಯರು ಇನ್ನು ಕಾಯುವುದಷ್ಟೇ ಕೆಲಸ ಎಂದು ಹೇಳಿಹೋದ ದಿನ ಮನೆಯೊಡತಿ ಬಾಗಿಲಿಗೆ ಬಂದು ನಿಂತಳು.

"ಮೇಷ್ಟ್ರೇ, ತಪ್ಪು ತಿಳ್ಕೋಬ್ಯಾಡಿ. ಅಜ್ಜಿಗೆ ಹೆಂಗೈತೆ?"

"ಇವತ್ತೋ ನಾಳೆಯೋ ಅನ್ನುವ ಹಾಗಿದೆ ತಾಯಿ."

"ಅದಕ್ಕೇ ಬಂದೆ. ಇಲ್ಲಿ ಜೀವ ಹೋಗಿ ನಕ್ಷತ್ರ ಸರಿಯಿಲ್ಲ ಅಂತ ಆಗ್ಬುಟ್ರೆ ಮನೆಗೆ ಬೀಗ ಹಾಕ್ಬೇಕಾಯ್ತದೆ. ಈ ಬಾಡಿಗೇನೇ ನನ್ಗೆ ಅನ್ನ. ಒಂದಿಷ್ಟು ಆಸ್ಪತ್ರೆಗೆ ಕರ್ಕೊಂಡೋಗ್ಬುಡಿ, ನಿಮ್ಮ ಕಾಲಿಗೆ ಬೀಳ್ತೀನಿ."

ನಾನು ಆಕೆಯನ್ನು ಕೂರಿಸಿ, ಶಾಂತವಾಗಿಯೇ ಹೇಳಿದೆ. ಲಿಂಗವಿರುವ ಅಂಗಕ್ಕೆ ಸೂತಕವಿಲ್ಲ, ನಮ್ಮ ಹಿರಿಯರು ಹುಟ್ಟಿನ ಸೂತಕವನ್ನೂ ಸಾವಿನ ಸೂತಕವನ್ನೂ ಬಿಡಿಸಿ ಹೋಗಿದ್ದಾರೆ, ಶಿವನಲ್ಲಿ ಐಕ್ಯವಾದ ಜೀವದಿಂದ ಮನೆಗೆ ಕೇಡಾಗುವುದಿಲ್ಲ ಎಂದು ವಿವರಿಸಿದೆ. ಆಕೆ ಕಣ್ಣುಮುಚ್ಚಿ, ಪುರಾಣ ಕೇಳುವವರ ಶ್ರದ್ಧೆಯಿಂದ ಪೂರ್ತಿ ಕೇಳಿದಳು. ಕೊನೆಗೆ ಕೈಮುಗಿದಳು.

"ನೀವು ಹೇಳೋದೆಲ್ಲ ದಿಟ ಮೇಷ್ಟ್ರೇ. ಆದ್ರೆ ನಾಳೆ ಮನೆ ಕೇಳ್ಕೊಂಡು ಬರೋರು ಶಾಸ್ತ್ರ ಓದಿರಾಕಿಲ್ವಲ್ಲ!"

ಅತ್ತೆಯನ್ನು ಆಟೋದಲ್ಲಿ ಆಸ್ಪತ್ರೆಗೆ ಸಾಗಿಸಿದೆವು. ಅಲ್ಲಿಯೇ ಹೋದರು. ದೇಹವನ್ನು ಪಾಠಶಾಲೆಯ ಅಂಗಳಕ್ಕೆ ತಂದೆವು. ಆ ಅಂಗಳಕ್ಕೆ ಇದ್ದದ್ದು ಮುಳ್ಳುತಂತಿಯ ಬೇಲಿ. ಪಾಠಶಾಲೆಯ ಒಳಗೆ ಮಕ್ಕಳು ಮಲಗುತ್ತಾರೆ, ಅದರ ಗೋಡೆಗೆ ಒರಗಿಸಿದರೂ ಹೆದರುತ್ತಾರೆ ಎಂದು ಆಡಳಿತದವರು ಸಂಕೋಚಪಟ್ಟರು. ಯಾರೋ ಒಳಗಿನಿಂದ ಕರಿಹಲಗೆಯನ್ನು ಹೊತ್ತು ತಂದು ಎರಡು ಡೆಸ್ಕುಗಳಿಗೆ ಆನಿಸಿ ನಿಲ್ಲಿಸಿದರು. ಅದಕ್ಕೆ ಒರಗಿಸಿ ಅತ್ತೆಯನ್ನು ಕೂರಿಸಿದೆವು. ಹಿಂದಿನ ದಿನ ನಾನು ಬರೆದಿದ್ದ ಪಾಠ ಅದರ ಮೇಲೆ ಹಾಗೆಯೇ ಇತ್ತು. ಅಳಿಸಬೇಕೆಂದು ಯಾರಿಗೂ ತೋಚಲಿಲ್ಲ. ಸಮಾಧಿಗೆ ಎತ್ತಿದಾಗ ಅತ್ತೆಯ ಹೊಸ ಸೀರೆಯ ಬೆನ್ನಿನ ತುಂಬ ಸೀಮೆಸುಣ್ಣದ ಬಿಳುಪು ಹತ್ತಿತ್ತು.

ಎಲ್ಲ ಮುಗಿದು ಮನೆಗೆ ಬಂದು ಸ್ನಾನ ಮಾಡಿ ಕುಳಿತಾಗ ನನ್ನಾಕೆ ಹೇಳಿದಳು:

"ಏನೂಂದ್ರೆ, ನನ್ನನ್ನ ಹಿಂಗೆ ಹಲಗೆಗೆ ಒರಗಿಸ್ಬೇಡಿ. ನನ್ನದು ಅಂತ ಒಂದು ಗೋಡೆ ಮಾಡಿಕೊಡಿ. ಇರೋವಾಗ ಬೇಡ, ಹೋಗೋವಾಗ ಇದ್ರೆ ಸಾಕು."

ಮದುವೆಯಾದಂದಿನಿಂದ ಆಕೆ ನನ್ನನ್ನು ಒಂದು ವಸ್ತುವನ್ನೂ ಕೇಳಿರಲಿಲ್ಲ. ಮರುವಾರವೇ ಹೋಗಿ ಮನೆಯಿಲ್ಲದವರಿಗೆ ಮನೆ ಕೊಡುವ ಯೋಜನೆಗೆ ಅರ್ಜಿ ಹಾಕಿದೆವು. ಮನೆ ಹೆಂಗಸರ ಹೆಸರಿಗೇ ಆಗುವುದಾದ್ದರಿಂದ ಅರ್ಜಿಯೂ ಆಕೆಯ ಹೆಸರಿನಲ್ಲಿಯೇ ಹೋಯಿತು.

ಕಾಯುವುದಕ್ಕೆ ನಾವಿಬ್ಬರೂ ಹೆದರುವವರಲ್ಲ. ಜಪ ಮಾಡುವವನಿಗೆ ಕಾಯುವುದು ಹೊಸದಲ್ಲ. ಕಾಯುವವನು ಒಂದೇ ಕಡೆ ನೆಲೆ ನಿಂತಿರಬೇಕೆಂಬುದು ಮಾತ್ರ ನಮಗೆ ಮೊದಲು ತಿಳಿದಿರಲಿಲ್ಲ. ಕೆಲವು ವರ್ಷಗಳಲ್ಲಿ ಮಕ್ಕಳು ಬರುವುದು ಕಡಿಮೆಯಾಗಿ ಪಾಠಶಾಲೆ ಮುಚ್ಚಿತು. ಗುಬ್ಬಿಯಲ್ಲಿ ಒಂದು ಶಾಲೆಯವರು ಕರೆದರು, ಅಲ್ಲಿಗೆ ಹೋದೆವು. ನೆಲೆಯಾದ ಮೇಲೆ ನಮ್ಮ ಹಳೆಯ ಅರ್ಜಿಯ ಕಾಗದವನ್ನು ಹಿಡಿದು ಅಲ್ಲಿನ ಕಚೇರಿಗೆ ಹೋದರೆ, ಗುಮಾಸ್ತರು ಅದನ್ನು ತಿರುಗಿಸಿ ತಿರುಗಿಸಿ ನೋಡಿ ಮರಳಿ ಕೊಟ್ಟರು.

"ಕುಣಿಗಲ್ಲಲ್ಲಿ ಕಾದಿದ್ದು ಇಲ್ಲಿಗೆ ಬರಲ್ಲ ಯಜಮಾನ್ರೇ. ಆ ಊರಿನ ಪಟ್ಟಿ ಆ ಊರಿಗೆ. ಇಲ್ಲಿ ಹೊಸದಾಗಿ ಹಾಕಿ. ಇಷ್ಟು ವರ್ಷದಿಂದ ಇಲ್ಲೇ ವಾಸ ಇದೀವಿ ಅಂತ ಪ್ರೂಫ್ ಬೇಕು."

ನನ್ನಾಕೆ ಸಾಮಾನ್ಯವಾಗಿ ಕಚೇರಿಗಳಲ್ಲಿ ಮಾತನಾಡುವವಳಲ್ಲ. ಅಂದು ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

"ಹಂಗಾದ್ರೆ ಸ್ವಾಮಿ, ಸ್ವಂತ ಮನೆ ಇದ್ದೋರು ಮಾತ್ರ ಒಂದೇ ಊರಲ್ಲಿ ನಿಂತ್ಕೊಂಡು ಮನೆಗೆ ಕಾಯಬಹುದು ಅನ್ನಿ."

ಗುಮಾಸ್ತರು ಗಟ್ಟಿಯಾಗಿ ನಕ್ಕರು. ಪಕ್ಕದ ಮೇಜಿನವರಿಗೂ ಆ ಮಾತನ್ನು ಹೇಳಿ ನಗಿಸಿದರು. ಆಮೇಲೆ ಅವರ ನಗು ತಾನಾಗಿಯೇ ನಿಂತು, "ಕೂತ್ಕೊಳ್ಳಿ ತಾಯಿ, ನಾನೇ ತುಂಬಿಕೊಡ್ತೀನಿ" ಎಂದು ಹೊಸ ಅರ್ಜಿಯನ್ನು ತಾವೇ ಬರೆದರು. ಒಳ್ಳೆಯ ಮನುಷ್ಯ. ಅವರ ಕೈಯಲ್ಲಿ ಇದ್ದದ್ದು ಅಷ್ಟೇ.

ಗುಬ್ಬಿಯಲ್ಲಿಯೂ ನಮ್ಮ ಸರದಿ ಹತ್ತಿರ ಹತ್ತಿರ ಬಂದಿದೆಯೆಂದು ಹೇಳುತ್ತಿದ್ದ ಕಾಲದಲ್ಲಿ ನಾವಿದ್ದ ಮನೆ ಮಾರಾಟವಾಯಿತು. ಕೊಂಡವರು ಅದನ್ನು ಕೆಡವಿ ಅಂಗಡಿ ಸಾಲು ಕಟ್ಟಿಸುವವರು. ನಮ್ಮ ಕೈಗೆ ಎಟಕುವ ಬಾಡಿಗೆಗೆ ಅಲ್ಲಿ ಬೇರೆ ಮನೆ ದೊರೆಯಲಿಲ್ಲ. ವಯಸ್ಸಾದ ದಂಪತಿಗಳಿಗೆ ಮನೆ ಕೊಡಲು ಒಡೆಯರು ಹಿಂಜರಿಯುತ್ತಾರೆ. ಏಕೆ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಬಾಗಿಲಲ್ಲಿ ನಿಂತು ನಮ್ಮ ತಲೆಗೂದಲನ್ನು ನೋಡುತ್ತಾರೆ, "ಅಮ್ಮಾವ್ರಿಗೆ ಆರೋಗ್ಯ ಹೆಂಗೆ?" ಎಂದು ಪ್ರೀತಿಯಿಂದ ಕೇಳುತ್ತಾರೆ, ಆಮೇಲೆ ತಮ್ಮ ತಂಗಿಯ ಮಗನಿಗೆ ಮನೆ ಮಾತಾಗಿಬಿಟ್ಟಿದೆ ಎನ್ನುತ್ತಾರೆ. ನನ್ನಾಕೆ ಅಂಥ ಬಾಗಿಲುಗಳ ಮುಂದೆ ನಿಲ್ಲುವ ಮೊದಲು ಕೆಮ್ಮು ಬಂದರೆ ನುಂಗಿಕೊಳ್ಳುವುದನ್ನು ಅಭ್ಯಾಸ ಮಾಡಿಕೊಂಡಿದ್ದಳು.

ಕಡೆಗೆ ತುಮಕೂರು. ಇಲ್ಲಿನ ಒಂದು ಸಣ್ಣ ಮಠದಲ್ಲಿ ಬೆಳಗಿನ ಪಾರಾಯಣಕ್ಕೆ ನನ್ನನ್ನು ಇಟ್ಟುಕೊಂಡರು. ಪಕ್ಕದ ಬಡಾವಣೆಯಲ್ಲಿ ಒಂದು ಕೆಳಮನೆ ಸಿಕ್ಕಿತು. ಒಡೆಯರು ಮಹಡಿಯ ಮೇಲೆ ಇದ್ದರು, ಬಸ್ಸಿನ ಕಂಡಕ್ಟರಾಗಿದ್ದು ನಿವೃತ್ತರಾದವರು. ಮತ್ತೆ ಅರ್ಜಿ, ಮತ್ತೆ ಪಟ್ಟಿಯ ಕೊನೆ. ಆಕೆ ಒಂದು ದಿನವೂ ಬೇಸರಿಸಲಿಲ್ಲ. ಕಚೇರಿಯ ಬೆಂಚಿನ ಮೇಲೆ ಕುಳಿತು, ಸೆರಗಿನೊಳಗೆ ರುದ್ರಾಕ್ಷಿಯ ಮಣಿಗಳನ್ನು ಎಣಿಸುತ್ತ ಪಂಚಾಕ್ಷರಿಯನ್ನು ಜಪಿಸುತ್ತಿದ್ದಳು. ನಾನು ಎದ್ದು ಹೋಗಿ ವಿಚಾರಿಸಿ ಬಂದು "ಇನ್ನೂ ಇಲ್ಲವಂತೆ" ಎಂದರೆ, "ಇರಲಿ, ಇವತ್ತಿನ ಜಪ ಆಯ್ತಲ್ಲ" ಎಂದು ಏಳುತ್ತಿದ್ದಳು.

ನಮಗೆ ನಿಜವಾಗಿಯೂ ಮನೆಯಿಲ್ಲವೇ ಎಂದು ನೋಡಲು ಒಬ್ಬ ತರುಣ ಅಧಿಕಾರಿ ಬಂದರು. ಗೋಡೆಯ ಗೂಡಿನಲ್ಲಿದ್ದ ನನ್ನ ಗ್ರಂಥಗಳನ್ನು ನೋಡಿ ಅವರಿಗೆ ಆಶ್ಚರ್ಯವಾಯಿತು.

"ಇಷ್ಟೆಲ್ಲ ಓದಿದೀರಿ, ಒಂದು ಮನೆ ಮಾಡ್ಕೊಳ್ಳೋಕೆ ಆಗ್ಲಿಲ್ವಾ ಸರ್?"

ನಾನು ಮಾತು ಹುಡುಕುವಷ್ಟರಲ್ಲಿ ಆಕೆ ಮಜ್ಜಿಗೆಯ ಲೋಟ ಮುಂದಿಟ್ಟು, "ಓದಿದ್ದರಿಂದಲೇ ಆಗಲಿಲ್ಲ ಕಣಪ್ಪ" ಎಂದಳು. ಅವರು ಲಜ್ಜೆಯಿಂದ ನಕ್ಕು ಮಜ್ಜಿಗೆ ಕುಡಿದು, ಬರೆಯಬೇಕಾದದ್ದನ್ನು ಸರಿಯಾಗಿಯೇ ಬರೆದುಕೊಂಡು ಹೋದರು.

ಹೀಗೆ ವರ್ಷಗಳು ಕಳೆದ ಮೇಲೆ ಒಂದು ದಿನ ಸಭಾಭವನದಲ್ಲಿ ಲಾಟರಿ ಎತ್ತಿ ಮನೆಗಳನ್ನು ಹಂಚಿದರು. ಮೈಕಿನಲ್ಲಿ ಆಕೆಯ ಹೆಸರನ್ನು ಕೂಗಿದರು. ಆಕೆ ಅಲುಗಲಿಲ್ಲ. ಮತ್ತೆ ಕೂಗಿದರು. ನಾನು ಮೊಳಕೈ ಮುಟ್ಟಿ "ನಿನ್ನನ್ನೇ" ಎಂದಾಗ ಬೆಚ್ಚಿದಳು. ತಾಯಿ ಹೋದ ಮೇಲೆ ಆ ಹೆಸರು ಹಿಡಿದು ಅವಳನ್ನು ಯಾರೂ ಕರೆದಿರಲಿಲ್ಲ. ವೇದಿಕೆಗೆ ಹೋಗಿ ಕಾಗದ ಪಡೆಯುವಾಗ ಆಕೆ ಚಪ್ಪಲಿಯನ್ನು ಮೆಟ್ಟಿಲ ಕೆಳಗೇ ಬಿಟ್ಟು ಹೋದಳು.

ಮನೆಗಳು ಊರ್ಡಿಗೆರೆಯ ದಾರಿಯಲ್ಲಿ, ಪಟ್ಟಣ ಮುಗಿಯುವ ಕಡೆ. ಮಹಡಿಯ ಮೇಲೆ ಮಹಡಿಯಾಗಿ ಕಟ್ಟಿದ ಉದ್ದನೆಯ ಕಟ್ಟಡಗಳು. ಒಂದೊಂದು ಮೆಟ್ಟಿಲ ಸಾಲಿಗೆ ಎದುರುಬದುರಾಗಿ ಬಾಗಿಲುಗಳು. ನಮ್ಮದು ಎರಡನೆಯ ಮಹಡಿ. ಬೀಗದಕೈ ಕೊಟ್ಟ ದಿನವೇ ನೋಡಲು ಹೋದೆವು. ಆಕೆಗೆ ಆ ವೇಳೆಗಾಗಲೇ ಎದೆಯ ತೊಂದರೆ ಶುರುವಾಗಿತ್ತು. ತಿರುವಿನಲ್ಲಿ ಕುಳಿತು ಸುಧಾರಿಸಿಕೊಂಡು ಹತ್ತಿದಳು. ಒಳಗೆ ಹೊಸ ಸುಣ್ಣದ ವಾಸನೆಯಿತ್ತು. ಆಕೆ ಅಡಿಗೆಮನೆಯನ್ನು ನೋಡಲಿಲ್ಲ, ನಲ್ಲಿ ತಿರುಗಿಸಿ ನೋಡಲಿಲ್ಲ. ಬಾಗಿಲಿಗೆ ಎದುರಾಗಿದ್ದ ಗೋಡೆಯ ಬಳಿಗೆ ನೇರವಾಗಿ ಹೋಗಿ, ಬರಿಯ ನೆಲದ ಮೇಲೆ ಕಾಲು ಮಡಿಸಿ, ಬೆನ್ನನ್ನು ಆನಿಸಿ ಕುಳಿತಳು.

"ಬಾಗಿಲಾಚೆ ನಿಂತ್ಕೊಂಡು ನೋಡಿ. ಬರೋರಿಗೆ ಮುಖ ಕಾಣ್ತದಾ?"

ಆಕೆಯ ಮನಸ್ಸಿನಲ್ಲಿ ಏನಿದೆಯೆಂದು ನನಗೆ ಗೊತ್ತಿತ್ತು. ಆದರೂ ಹೋಗಿ ನಿಂತೆ. "ಕಾಣ್ತದೆ" ಎಂದೆ.

ಅಷ್ಟರಲ್ಲಿ ಎದುರುಮನೆಯಿಂದ ಪೊರಕೆ ಹಿಡಿದ ಹೆಂಗಸೊಬ್ಬಳು ಇಣುಕಿದಳು. ನಿಟ್ಟೂರಿನ ಕಡೆಯವಳು, ಬಸ್ ನಿಲ್ದಾಣದ ಮುಂದೆ ಹೂವು ಕಟ್ಟಿ ಮಾರಿ ಮಗನನ್ನು ಬೆಳೆಸಿದವಳು. ಮಗ ಆಟೋ ಓಡಿಸುತ್ತಿದ್ದ, ಸೊಸೆ ತುಂಬಿದ ಬಸುರಿ. ಮೂವರೂ ತಗಡಿನ ಸೂರಿನ ಒಂದೇ ಕೋಣೆಯಲ್ಲಿ ಬಾಡಿಗೆಗಿದ್ದರು. ಇದನ್ನೆಲ್ಲ ಆಕೆ ಆಮೇಲೆ ತಾನೇ ಹೇಳಿದಳು. ಮೊದಲು ಕೇಳಿದ್ದು ಹೀಗೆ:

"ಏನಕ್ಕಯ್ಯಾ, ಆಗ್ಲೇ ಕೂತ್ಬುಟ್ರಿ? ಒಂದು ಚಾಪೆನಾದ್ರೂ ಹಾಕ್ಕೊಳ್ಳಿ!"

"ಅಳತೆ ನೋಡ್ತಿದೀನಿ ಕಣಮ್ಮ."

"ಟೀವಿ ಇಡಾಕಾ?"

"ಹೂಂ. ಜನ ಬಂದು ನೋಡೋ ಅಂಥದ್ದೇ ಇಡ್ತೀನಿ."

ಇಬ್ಬರೂ ನಕ್ಕರು. ಮುಚ್ಚಿಟ್ಟು ನಗಿಸುವ ಚಾತುರ್ಯ ನನ್ನಾಕೆಯಲ್ಲಿ ಇತ್ತೆಂದು ಅಷ್ಟು ವರ್ಷ ಬಾಳಿದ ನನಗೇ ಅಂದು ತಿಳಿಯಿತು. ಆ ಮಧ್ಯಾಹ್ನ ಹೂವಿನಮ್ಮ ತಾನು ತಂದಿದ್ದ ರೊಟ್ಟಿಯನ್ನು ನಮಗೂ ಮುರಿದುಕೊಟ್ಟಳು. ಇಬ್ಬರು ಹೆಂಗಸರೂ ಎದುರುಬದುರು ಹೊಸಿಲುಗಳ ಮೇಲೆ ಕುಳಿತು, ಎರಡು ಮನೆಗಳ ಪ್ರವೇಶವನ್ನೂ ಒಂದೇ ದಿನ ಇಟ್ಟುಕೊಳ್ಳುವುದೆಂದೂ, ಒಬ್ಬರೇ ಅಯ್ಯನವರನ್ನು ಕರೆಸುವುದೆಂದೂ, ಶ್ರಾವಣದ ಮೊದಲ ಸೋಮವಾರವೇ ಒಳ್ಳೆಯದೆಂದೂ ಮಾತಾಡಿ ಮುಗಿಸಿದರು. ಆಗ ನಡೆಯುತ್ತಿದ್ದದ್ದು ಆಷಾಢ. ಆಷಾಢದಲ್ಲಿ ಹಾಲು ಉಕ್ಕಿಸುವುದು ನಮ್ಮ ಕಡೆ ಯಾರಲ್ಲಿಯೂ ಇಲ್ಲ.

ಮನೆಗೆ ಬಂದ ಮೇಲೆ, ಆಕೆಯ ಉಸಿರಾಟವನ್ನು ಕೇಳುತ್ತ, ನಾನು ಹೇಳಿದೆ: "ಆಪತ್ತಿಗೆ ಶಾಸ್ತ್ರದಲ್ಲಿ ಅವಕಾಶ ಉಂಟು. ನಾಳೆಯೇ ಹೋಗಬಹುದು."

"ಆಪತ್ತಾ?" ಎಂದಳು. "ಮನೆ ಸಿಕ್ಕಿರೋದು ಆಪತ್ತಾ? ಶುಭವಾಗೇ ಹೋಗೋಣ. ಇಷ್ಟು ಕಾಲ ಕಾದಿರೋರಿಗೆ ಒಂದು ಆಷಾಢ ಹೆಚ್ಚಾ? ಆ ಹೂವಿನಮ್ಮಂಗೆ ಬೇರೆ ಮಾತು ಕೊಟ್ಟಿದೀನಿ."

ನಾವಿಬ್ಬರೇ ಅಲ್ಲ. ಆ ಕಟ್ಟಡಗಳಲ್ಲಿ ಮನೆ ಸಿಕ್ಕಿದವರು ಹೆಚ್ಚುಕಡಿಮೆ ಎಲ್ಲರೂ ಹಗಲು ಬಂದು ಗುಡಿಸಿ, ಬಣ್ಣ ಬಳಿದು, ಸಂಜೆ ಬೀಗ ಹಾಕಿಕೊಂಡು ತಮ್ಮ ತಮ್ಮ ಬಾಡಿಗೆ ಮನೆಗಳಿಗೇ ಮರಳುತ್ತಿದ್ದರು. ಯಾವುದೋ ಸಹಿಗೆಂದು ಕಚೇರಿಗೆ ಹೋದಾಗ ಅಲ್ಲಿನ ಗುಮಾಸ್ತರು ನಮ್ಮೆಲ್ಲರನ್ನೂ ಒಟ್ಟಿಗೆ ತರಾಟೆಗೆ ತೆಗೆದುಕೊಂಡರು.

"ಎಂಥ ಜನಾನಪ್ಪ ನೀವು! ಮನೆ ಕೊಡಿ, ಮನೆ ಕೊಡಿ ಅಂತ ವರ್ಷಗಟ್ಟಲೆ ನನ್ನ ಪ್ರಾಣ ತಿಂದ್ರಿ. ಬೀಗದಕೈ ಕೊಟ್ರೆ ಒಂದು ದೀಪ ಹಚ್ಚೋರಿಲ್ಲ!"

"ಆಷಾಢ ಸಾರ್" ಎಂದರು ಯಾರೋ.

"ಮೊದಲೇ ಹೇಳ್ಬಾರ್ದಿತ್ತಾ? ಇನ್ನೊಂದು ತಿಂಗಳು ತಡ ಮಾಡಿ ಕೊಡ್ತಿದ್ವಿ. ಅದೇನು ನಮಗೆ ಬರದೆ ಇರೋ ವಿದ್ಯೆಯಾ?"

ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಆಕೆಯೂ ಸೆರಗನ್ನು ಬಾಯಿಗೆ ಹಿಡಿದು ನಕ್ಕಳು; ನಗು ಕೆಮ್ಮಾಗಿ ಬಹಳ ಹೊತ್ತು ನಿಲ್ಲಲಿಲ್ಲ.

ಆಷಾಢ ಮುಗಿಯುತ್ತ ಬಂದಾಗ ಆಕೆಯನ್ನು ದೊಡ್ಡಾಸ್ಪತ್ರೆಗೆ ಸೇರಿಸಬೇಕಾಯಿತು. ಮಾತು ಕಡಿಮೆಯಾಗಿತ್ತು. ಒಮ್ಮೆ ಕಣ್ತೆರೆದು, "ಭೀಮನ ಅಮಾವಾಸ್ಯೆ ಕಳೀತಾ?" ಎಂದು ಕೇಳಿದಳು. ಹೆಂಡತಿಯರು ಗಂಡನ ಪಾದಪೂಜೆ ಮಾಡುವ ಆ ಅಮಾವಾಸ್ಯೆಗೇ ಆಷಾಢ ಮುಗಿಯುವುದು. "ಇನ್ನೂ ಇಲ್ಲ" ಎಂದೆ. ಆಕೆ ಕೇಳಿದ್ದು ಪೂಜೆಗಾಗಿಯೋ ಮನೆಗಾಗಿಯೋ ನಾನು ತಿಳಿಯಲಾರೆ. ಮರುದಿನ ಬೆಳಿಗ್ಗೆ ನಾನು ಆಕೆಯ ಹಣೆಗೆ ವಿಭೂತಿ ಹಚ್ಚುತ್ತಿರುವಾಗ ಶಿವಸಾಯುಜ್ಯ ಹೊಂದಿದಳು.

ನಾವಿದ್ದ ಮನೆಯ ಒಡೆಯರಿಗೆ ಫೋನು ಮಾಡಿ ತಿಳಿಸಿದೆ. "ಛೇ ಛೇ, ದೇವರಂಥ ಹೆಣ್ಣುಮಗಳು" ಎಂದು ಅವರು ಅತ್ತರು. ಅದು ನಿಜವಾದ ಅಳುವೇ. ಆಮೇಲೆ ಮೆಲ್ಲಗೆ ಕೇಳಿದರು: "ಮೇಷ್ಟ್ರೇ, ಆಸ್ಪತ್ರೆಯಿಂದ ಹಂಗೇ ಊರಿಗೆ ತಗೊಂಡೋಗ್ತೀರಾ?"

ಆ ಪ್ರಶ್ನೆಯ ಅರ್ಥ ನನಗೆ ಹೊಸದಾಗಿರಲಿಲ್ಲ. "ಇಲ್ಲ, ನಮ್ಮ ಮನೆಗೆ ಕರೆದುಕೊಂಡು ಹೋಗುತ್ತೇನೆ" ಎಂದೆ. ನಮ್ಮ ಮನೆ ಎಂಬ ಮಾತನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಮಠದ ಅಯ್ಯನವರು ಬಂದರು, ಮಠದವರೇ ವ್ಯಾನನ್ನೂ ಕಳುಹಿಸಿದ್ದರು. ಎಲ್ಲಿಗೆ ಎಂದು ಹೇಳಿದಾಗ ಅಯ್ಯನವರು ತಡೆದರು. "ಇನ್ನೂ ಪ್ರವೇಶ ಆಗದ ಮನೆ. ಹಾಲು ಉಕ್ಕುವ ಮೊದಲು ಹೀಗೆ ಹೋಗುವುದು..." ಎಂದು ನಿಲ್ಲಿಸಿದರು. ಅಂದು ಕುಣಿಗಲ್ಲಿನಲ್ಲಿ ಮನೆಯೊಡತಿಗೆ ಹೇಳಿದ್ದನ್ನೇ ನಾನು ಅವರಿಗೂ ಹೇಳಿದೆ. ಅವರು ಬಲ್ಲವರು, ತಲೆಬಾಗಿ ಒಪ್ಪಿದರು. ಬೇಡವೆನ್ನಲು ನನ್ನ ಮೇಲೆ ಇನ್ನು ಯಾವ ಒಡೆಯರೂ ಇರಲಿಲ್ಲ. ಬೀಗದಕೈ ನನ್ನ ಜೇಬಿನಲ್ಲಿಯೇ ಇತ್ತು. ದಾರಿಯುದ್ದಕ್ಕೂ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಕುಳಿತಿದ್ದೆ. ಆಕೆ ಕೇಳಿದ ಒಂದೇ ಒಂದು ವಸ್ತುವನ್ನು ಕೊಡುತ್ತಿದ್ದೇನೆ ಎಂಬ ಸಮಾಧಾನ ಆ ದುಃಖದಲ್ಲಿಯೂ ನನಗಿತ್ತು.

ವ್ಯಾನು ಮೆಟ್ಟಿಲ ಬುಡಕ್ಕೆ ಬಂದು ನಿಂತಿತು. ಹೂವಿನಮ್ಮನ ಮನೆಯವರು ಮೂವರೂ ಅಂದು ಅಲ್ಲಿಯೇ ಇದ್ದರು. ಬಾಗಿಲಿಗೆ ಹಸಿರು ಬಣ್ಣ ಬಳಿಯುತ್ತಿದ್ದರು. ಹೂವಿನಮ್ಮ ಇಳಿದು ಬಂದು ವ್ಯಾನಿನೊಳಗೆ ನೋಡಿದವಳೇ ಎದೆ ಬಡಿದುಕೊಂಡಳು.

"ಅಯ್ಯೋ ಅಕ್ಕಯ್ಯಾ! ಸೋಮವಾರ ಅಂದಿದ್ರಲ್ಲ ಅಕ್ಕಯ್ಯಾ!"

ಹಿಂದೆಯೇ ಬಂದ ಮಗ ನಮ್ಮನ್ನೂ ಮೆಟ್ಟಿಲನ್ನೂ ನೋಡಿದ.

"ಅವ್ವಾ, ಇದೇ ಮೆಟ್ಲಲ್ಲೇ ಹತ್ತುಸ್ತಾರಾ? ನಮ್ದಿನ್ನೂ ಹಾಲು ಉಕ್ಸಿಲ್ಲ. ಇವಳು ಬ್ಯಾರೆ ಇಂಗವಳೆ..."

"ಮುಚ್ಲಾ ಬಾಯಿ! ಅವರ ಮನೆ ಕಣ್ಲಾ ಅದು. ಬ್ಯಾಡ ಅನ್ನಾಕೆ ನೀನ್ಯಾವನ್ಲಾ?" ಎಂದು ಗದರಿಸಿ, ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು. "ಕರ್ಕೊಂಡೋಗಿ ಮೇಷ್ಟ್ರೇ. ಅಕ್ಕಯ್ಯನ ಮನೆಗೆ ಅಕ್ಕಯ್ಯ ಬಂದವ್ರೆ. ನಾನು ಮುಂದೆ ಹೋಗಿ ಕಸ ಹೊಡೀತೀನಿ."

ಹೀಗೆನ್ನುತ್ತಲೇ ಆಕೆ, ಇಳಿದು ಬಂದಿದ್ದ ಸೊಸೆಯ ಕೈಹಿಡಿದು ಸರಸರನೆ ನಡೆಸಿಕೊಂಡು ಹೋದಳು. ಕಾಂಪೌಂಡು ದಾಟಿಸಿ, ರಸ್ತೆಯ ಆಚೆ ಬದಿಗೆ ಬಿಟ್ಟು, ಏನೋ ಹೇಳಿ ಮರಳಿದಳು. ಅಲ್ಲಿ ಮರವಿರಲಿಲ್ಲ, ಕಟ್ಟೆಯಿರಲಿಲ್ಲ. ಮೋಡ ಸರಿದು ಚುರುಕು ಬಿಸಿಲು ಬಿದ್ದಿತ್ತು. ಆ ಹುಡುಗಿ ಒಂದು ಕೈಯನ್ನು ಹೊಟ್ಟೆಯ ಮೇಲಿಟ್ಟು, ಇನ್ನೊಂದು ಕೈಯಲ್ಲಿ ಬಣ್ಣದ ಬ್ರಷ್ಷನ್ನು ಹಾಗೆಯೇ ಹಿಡಿದು, ತನ್ನ ಮನೆಯ ಕಿಟಕಿಯನ್ನು ನೋಡುತ್ತ ನಿಂತಳು. ಹೂವಿನಮ್ಮನ ಮಾತಿನಲ್ಲಿ ಒಂದಿಷ್ಟೂ ಕಪಟವಿರಲಿಲ್ಲ. ನನಗೆ ಮನೆಯ ದಾರಿ ಬಿಟ್ಟುಕೊಟ್ಟಿದ್ದಳು, ತನ್ನವರನ್ನು ದಾರಿಗೆ ಕಳುಹಿಸಿದ್ದಳು.

ಮೆಟ್ಟಿಲು ಒಂದೇ. ಇವತ್ತು ನಾವು ಹತ್ತಿದರೆ ಆ ಹುಡುಗಿ ಎಷ್ಟು ದಿನ ಈ ಮೆಟ್ಟಿಲು ತುಳಿಯಲು ಹೆದರುತ್ತಾಳೋ, ಹೆರಿಗೆಯಾಗಿ ಎಷ್ಟು ತಿಂಗಳಿಗೆ ಮಗುವನ್ನು ಎತ್ತಿಕೊಂಡು ಬರುತ್ತಾಳೋ, ಅಲ್ಲಿಯವರೆಗೆ ಮತ್ತೆ ಆ ತಗಡಿನ ಸೂರು. ಸೂತಕವಿಲ್ಲವೆಂದು ನಾನು ಅವಳಿಗೆ ಹೇಳಬಹುದಾಗಿತ್ತು. ಅವಳು ಕೈಮುಗಿದು ಕೇಳುತ್ತಿದ್ದಳು, ಮತ್ತು ಬಿಸಿಲಿನಲ್ಲಿಯೇ ನಿಂತಿರುತ್ತಿದ್ದಳು.

ಅಯ್ಯನವರು "ಇಳಿಸೋಣವೇ?" ಎಂದು ಕೇಳಿದರು.

"ಬೇಡ. ವ್ಯಾನು ತಿರುಗಿಸಿ" ಎಂದೆ.

ಹೂವಿನಮ್ಮ ಓಡಿಬಂದು ವ್ಯಾನಿನ ಬಾಗಿಲು ಹಿಡಿದುಕೊಂಡಳು. "ಯಾಕೆ ಮೇಷ್ಟ್ರೇ? ನನ್ನ ಮಗ ಅಂದಿದ್ದು ಮನಸ್ಸಿಗೆ ಹಚ್ಕೊಂಡ್ರಾ? ಅದಕ್ಕೆ ಬುದ್ಧಿ ಇಲ್ಲ, ಬುಡಿ..."

"ಅವನ ಮಾತಿಗಲ್ಲ ತಾಯಿ. ನಿಮ್ಮ ಸೊಸೆಯನ್ನು ಒಳಗೆ ಕರೆಯಿರಿ. ಬಿಸಿಲಿದೆ."

ಮಠದ ಸಮಾಧಿಯ ತೋಟ ಊರ ಹೊರಗಿದೆ. ನಡುವೆ ಒಂದು ಕಲ್ಲಿನ ಜಗುಲಿ. ಅದಕ್ಕೆ ನಾಲ್ಕೂ ಕಡೆ ಬಯಲು. ಅಲ್ಲಿ ಆಕೆಯನ್ನು ಕೂರಿಸಿದರು. ಬೆನ್ನಿಗೆ ಏನೂ ಇರಲಿಲ್ಲ. ಒಂದು ಬಿದಿರಿನ ಗಳು ನೆಟ್ಟು ಬಟ್ಟೆಯಿಂದ ಕಟ್ಟೋಣವೆಂದರು. ಹಾಗೆ ಮಾಡಗೊಡಲಿಲ್ಲ. ನಾನು ಜಗುಲಿಯನ್ನು ಹತ್ತಿ, ಆಕೆಯ ಹಿಂದೆ, ಆಕೆಗೆ ಬೆನ್ನುಕೊಟ್ಟು ಕಾಲು ಮಡಿಸಿ ಕುಳಿತೆ. ಅಯ್ಯನವರು ಆಕೆಯ ತಲೆಯನ್ನು ಮೆಲ್ಲನೆ ನನ್ನ ಹೆಗಲಿಗೆ ಆನಿಸಿದರು. ಭಾರವೇ ಇರಲಿಲ್ಲ. ಮಠದವರು, ಪಾರಾಯಣಕ್ಕೆ ಬರುವವರು, ಬಾಡಿಗೆ ಮನೆಯ ಒಡೆಯರು, ಎಲ್ಲರೂ ಬಂದರು. ಹೂವಿನಮ್ಮ ಅಂದು ಮಾರಲೆಂದು ಕಟ್ಟಿದ್ದ ಕನಕಾಂಬರ, ಸೇವಂತಿಗೆಯನ್ನೆಲ್ಲ ಮಗನ ಆಟೋದಲ್ಲಿ ತಂದಿದ್ದಳೆಂದು ಕೇಳಿದೆ. ಮುತ್ತೈದೆಗೆ ತಕ್ಕ ಹಾಗೆ ಬಹಳ ಚೆನ್ನಾಗಿ ಅಲಂಕರಿಸಿದ್ದಳಂತೆ. ನಾನು ಕಾಣಲಿಲ್ಲ. ನನ್ನ ಮುಖ ಹಿಂದಕ್ಕಿತ್ತು. ನೋಡಿ ಕೈಮುಗಿದು ಸುತ್ತಿ ಬರುವವರ ಮುಖಗಳು ಮಾತ್ರ ನನಗೆ ಕಾಣುತ್ತಿದ್ದವು. ಆ ಮುಖಗಳಿಂದಲೇ ಆಕೆ ಹೇಗೆ ಕಾಣುತ್ತಿದ್ದಾಳೆಂದು ಊಹಿಸುತ್ತ, ಅಲುಗದೆ, ಪಂಚಾಕ್ಷರಿಯನ್ನು ಹೇಳುತ್ತ ಕುಳಿತಿದ್ದೆ. ಎತ್ತುವ ಹೊತ್ತಿಗೆ ನನ್ನ ಕಾಲು ಜೋಮು ಹಿಡಿದು, ಬೇರೆಯವರು ನನ್ನನ್ನು ಹಿಡಿದು ಇಳಿಸುವಷ್ಟರಲ್ಲಿ ಅವಳ ತಲೆಯ ಮೇಲೆ ಬಟ್ಟೆ ಹೊದಿಸಿಬಿಟ್ಟಿದ್ದರು.

ಶ್ರಾವಣದ ಮೊದಲ ಸೋಮವಾರ ಎದುರುಮನೆಯಲ್ಲಿ ಹಾಲು ಉಕ್ಕಿತು. ಹೂವಿನಮ್ಮ ಅದೇ ಮಡಿಯಲ್ಲಿ ನಮ್ಮ ಮನೆಗೂ ಬಂದು, ನಾನು ಬೇಡವೆಂದರೂ ಕೇಳದೆ, ಒಲೆ ಹಚ್ಚಿ ಹಾಲಿಟ್ಟಳು. "ಅಕ್ಕಯ್ಯಂಗೂ ನಂಗೂ ಆಗಿರೋ ಮಾತು. ನೀವು ಸುಮ್ಕಿರಿ" ಎಂದಳು. ಅವಳ ಸೊಸೆ ಬಾಗಿಲಾಚೆ ನಿಂತು ನೋಡುತ್ತಿದ್ದಳು. ಅವರು ಹೋದ ಮೇಲೆ ನಾನು ಲಿಂಗಪೂಜೆ ಮಾಡಿದೆ. ಸಾಮಾನು ಕಡಿಮೆ, ಮನೆ ಬಹಳ ದೊಡ್ಡದಾಗಿ ಕಂಡಿತು. ಬಾಗಿಲಿಗೆ ಎದುರಿನ ಗೋಡೆಗೆ ನಾನು ಏನನ್ನೂ ಆನಿಸಿಡಲಿಲ್ಲ. ಗ್ರಂಥಗಳನ್ನು ಒಳಕೋಣೆಯಲ್ಲಿ ಜೋಡಿಸಿದೆ.

ಮನೆ ಆಕೆಯ ಹೆಸರಿನಲ್ಲಿದ್ದುದರಿಂದ ಅದನ್ನು ನನ್ನ ಹೆಸರಿಗೆ ಮಾಡಿಸಲು ಮತ್ತೆ ಅರ್ಜಿ ಕೊಡಬೇಕೆಂದರು. ಆಕೆಯ ಮರಣಪತ್ರವನ್ನು ಹಿಡಿದು ಕಚೇರಿಗೆ ಹೋದೆ. ಆಷಾಢದ ವಿಷಯಕ್ಕೆ ನಮ್ಮನ್ನು ಬೈದಿದ್ದ ಗುಮಾಸ್ತರೇ ಇದ್ದರು. ಕಾಗದ ನೋಡಿ ತಮ್ಮ ಕುರ್ಚಿಯಿಂದ ಎದ್ದು ಬಂದು, ನನ್ನ ತೋಳು ಹಿಡಿದು ಬೆಂಚಿನ ಮೇಲೆ ಕೂರಿಸಿದರು.

"ಹೆಸರು ಬದಲಾಗಿ ಬರೋಕೆ ಇನ್ನೂ ಸಮಯ ಹಿಡೀತದೆ ಯಜಮಾನ್ರೇ. ಮೇಲಿನಿಂದ ಆಗ್ಬೇಕು" ಎಂದರು. "ಅಲ್ಲೀತನಕ ಏನು ಗತಿ ಅಂತ ಯೋಚನೆ ಮಾಡ್ಬೇಡಿ. ಆರಾಮಾಗಿ ಇರಿ. ಅಲ್ಲಿಂದ ನಿಮ್ಮನ್ನ ಯಾರೂ ಎಬ್ಬಿಸಲ್ಲ."

ಆಕೆ ಕೇಳಿಸಿಕೊಂಡಳೋ ಎಂದು, ಅಭ್ಯಾಸದಿಂದ, ಪಕ್ಕಕ್ಕೆ ತಿರುಗಿದೆ. ಬೆಂಚಿನ ಆ ಜಾಗದಲ್ಲಿ ಯಾರೋ ತಮ್ಮ ಅರ್ಜಿಯ ಚೀಲವನ್ನು ಇಟ್ಟು ನೀರು ಕುಡಿಯಲು ಹೋಗಿದ್ದರು.